ಮುಯ್ಯಿ ಮಾತ್ರೆ

...ಅರ್ಧರ್ಧ ಹಂಚಿಕೊಂಡರೆ ಇಬ್ಬರಿಗೂ ಅಸಲಿ ಸಿಕ್ಕ ಹಾಗಾಗುತ್ತದೆ ಎಂದವರು ಅವರೇ ಇರಬೇಕು. ಅಥವಾ ನಾನು. ಮಾತು ನೆನಪಿದೆ. ಮೇಜಿನ ಮೇಲೆ ಇಡ್ಲಿ ತಿಂದ ತಟ್ಟೆಗಳಿದ್ದದ್ದು ನೆನಪಿದೆ. ನನ್ನ ಟಿಫನ್ ಬಾಕ್ಸಿನ ಮುಚ್ಚಳಕ್ಕೆ ಬಿಳಿ ಮಾತ್ರೆಗಳು ಟಣಟಣ ಬಿದ್ದದ್ದು ನೆನಪಿದೆ. ದನಿ ಯಾರದು ಎಂಬುದು ಮಾತ್ರ ಇಲ್ಲ. ಒಮ್ಮೆ ಆ ಮಾತನ್ನು ಅವರ ಕುಣಿಗಲ್ ಕಡೆಯ ಧಾಟಿಯಲ್ಲಿ ಬರೆದು ನೋಡಿದೆ, ಅವರೇ ಹೇಳಿದಂತಾಯಿತು. ನನ್ನ ಧಾಟಿಯಲ್ಲಿ ಬರೆದೆ, ನಾನೇ ಹೇಳಿದಂತಾಯಿತು. ಎರಡೂ ಅಷ್ಟೇ ನಿಜ ಅನ್ನಿಸಿ ಹೆದರಿಕೆಯಾಯಿತು. ಎರಡನ್ನೂ ಹೊಡೆದುಹಾಕಿದೆ.

ನಾನು ಗುಬ್ಬಿಯ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಇಪ್ಪತ್ತೆರಡು ವರ್ಷಗಳಿಂದ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತಿದ್ದೇನೆ. ತಡವರಿಸದೆ, ಹಿಂದೆಮುಂದೆ ಆಗದೆ ಸಾಕ್ಷಿ ಹೇಳುವವರನ್ನು ಕಂಡರೆ ನಮ್ಮ ಕಚೇರಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಅದಕ್ಕೇ ಇಲ್ಲಿ ನನಗೆ ಖಚಿತವಾಗಿ ಗೊತ್ತಿರುವಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೃದಯ ದುರ್ಬಲವಾಗಿದೆ. ಹೊಸ ಔಷಧಿಯೊಂದರ ಪ್ರಯೋಗಕ್ಕೆ ನನ್ನನ್ನು ಸೇರಿಸಿಕೊಂಡಿದ್ದರು. ಅದೇ ಪ್ರಯೋಗದಲ್ಲಿದ್ದ ಪುಟ್ಟಸ್ವಾಮಿ ಎಂಬವರೂ ನಾನೂ ಆಸ್ಪತ್ರೆಗೆ ಹೇಳದೆ ಮಾತ್ರೆಗಳನ್ನು ಅದಲುಬದಲು ಮಾಡಿಕೊಂಡೆವು. ಅವರು ಈಗಿಲ್ಲ. ನಾನಿದ್ದೇನೆ. ಉಳಿದದ್ದೆಲ್ಲ ನನ್ನ ಹೇಳಿಕೆ, ಅಷ್ಟೇ.

ಕಾಯಿಲೆ ಶುರುವಾದದ್ದು ಚಪ್ಪಲಿಯಿಂದ. ಇಲ್ಲ, ಚಪ್ಪಲಿ ಗಮನಕ್ಕೆ ಬಂದದ್ದು ಆಮೇಲೆ, ಮೊದಲು ಉಸಿರು. ಕೋರ್ಟಿನ ಮುಂದೆ ಇರುವುದು ಏಳೆಂಟು ಮೆಟ್ಟಿಲು. ಅರ್ಧಕ್ಕೆ ನಿಂತು ಸೆರಗು ಸರಿಮಾಡಿಕೊಳ್ಳುವ ನೆಪ ಹೂಡತೊಡಗಿದೆ. ಸಂಜೆಯಾದರೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು ಗೆರೆ ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಎರಡು ದಿಂಬಾಯಿತು, ಮೂರಾಯಿತು, ಕೊನೆಗೆ ಗೋಡೆಗೆ ಒರಗಿ ಕೂರುವುದೇ ಮಲಗುವುದಾಯಿತು.

"ಗ್ಯಾಸ್ ಕಣೇ ರತ್ನ. ಆ ಅವರೆಕಾಳು ಬಿಡು ಅಂದ್ರೆ ಕೇಳಲ್ಲ ನೀನು," ಎಂದರು ನಮ್ಮ ಯಜಮಾನರು. ಅವರು ತುಮಕೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೆಡಿಕಲ್ ಶಾಪಿನವನೂ ಗ್ಯಾಸ್ ಎಂದ. ಪಕ್ಕದ ಮನೆಯವರೂ ಗ್ಯಾಸ್ ಎಂದರು. ಎರಡು ತಿಂಗಳು ಗುಲಾಬಿ ಬಣ್ಣದ ಸಿರಪ್ ಕುಡಿದೆ. ಅಂಥ ಕಾಯಿಲೆಯಾದರೆ ಅಷ್ಟು ಸಲೀಸಾಗಿ ಎಲ್ಲರೂ ಹೆಸರು ಹೇಳುತ್ತಿರಲಿಲ್ಲ ಎಂಬ ಧೈರ್ಯ ನನಗೂ ಇತ್ತು.

ಒಂದು ದಿನ ಜಮೀನಿನ ಬದುವಿನ ಕೇಸಿನಲ್ಲಿ ಮುದುಕನೊಬ್ಬನ ಹೇಳಿಕೆ ನಡೆಯುತ್ತಿತ್ತು. ಜಡ್ಜ್ ಸಾಹೇಬರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಆಮೇಲೆ ನೋಡಿದವರು ಹೇಳಿದರು, ಕಂಪ್ಯೂಟರಿನಲ್ಲಿ ಒಂದೇ ಅಕ್ಷರ ಸಾಲುಸಾಲು ತುಂಬಿಕೊಂಡಿತ್ತಂತೆ. ಬೆರಳು ಆ ಕೀ ಮೇಲೇ ನಿಂತುಬಿಟ್ಟಿತ್ತು. ವಕೀಲರೊಬ್ಬರ ಕಾರಿನಲ್ಲಿ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ನನಗೆ ನೆನಪಿರುವುದು, ಕಾರಿನ ಮುಂದಿನ ಗಾಜಿಗೆ ಅಂಟಿಸಿದ್ದ ನಿಂಬೆಹಣ್ಣು ಮಾತ್ರ. ಅದು ನಿಂಬೆಹಣ್ಣೇ ಅಲ್ಲ, ಸ್ಟಿಕ್ಕರ್ ಎಂದು ಆ ವಕೀಲರು ಈಚೆಗೆ ಹೇಳಿದರು.

ಹೃದಯದ ಎಕೋ ಸ್ಕ್ಯಾನ್ ಮಾಡುವ ಕೋಣೆಯ ಹೊರಗೆ ಕಾದದ್ದು ಮೂರು ಗಂಟೆ. ಒಳಗೆ ಎದೆಗೆ ತಣ್ಣನೆಯ ಜೆಲ್ ಹಚ್ಚಿ ಒತ್ತಿದ್ದು ಹತ್ತು ನಿಮಿಷ. ಡಾಕ್ಟರು ನಮ್ಮಿಬ್ಬರನ್ನು ಎದುರು ಕೂರಿಸಿಕೊಂಡು, "ಹೃದಯ ಹಿಗ್ಗಿದೆ. ಪಂಪ್ ಮಾಡೋ ಶಕ್ತಿ ಕಡಿಮೆಯಾಗಿದೆ," ಎಂದರು.

ಯಜಮಾನರು ಅಷ್ಟೊತ್ತಿಗೆ ತಮಗೆ ಗೊತ್ತಿರುವ ಮಾತೊಂದು ಸಿಕ್ಕಂತಾಗಿ ಮುಂದಕ್ಕೆ ಬಗ್ಗಿದರು. "ವಾಲ್ವ್ ಹೋಗಿದ್ಯಾ ಸಾರ್, ಇಲ್ಲಾ ಪಂಪೇ ವೀಕಾ?"

"ಪಂಪೇ."

"ಬದಲಾಯಿಸೋಕಾಗಲ್ವಾ?"

"ಬಸ್ಸಲ್ಲ ಯಜಮಾನ್ರೇ," ಎಂದರು ಡಾಕ್ಟರು. ಬೇಸರದಿಂದಲ್ಲ, ಮೆಲ್ಲಗೆ. ಎಷ್ಟು ವರ್ಷ ಎಂದು ನಾನು ಕೇಳಿದೆ. ಅವರು ಮಾತ್ರೆ ಬರೆಯುವುದನ್ನು ಮುಂದುವರಿಸಿದರು. ಹೊರಗೆ ಬಂದ ಮೇಲೆ ಯಜಮಾನರು ಕುಡಿಯುವ ನೀರಿನ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಹಿಂದೆ ಬಾಟಲಿ ಹಿಡಿದು ನಿಂತಿದ್ದವರು ಯಾರೂ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಇಂಥ ತಾಳ್ಮೆ ಸಿಗುತ್ತದೆ.

ಆಮೇಲಿನ ತಿಂಗಳುಗಳನ್ನು ಉದ್ದ ಮಾಡುವುದಿಲ್ಲ. ಬೆಳಿಗ್ಗೆ ಐದು ಮಾತ್ರೆ, ಸಂಜೆ ಮೂರು. ಅಳತೆ ಮಾಡಿದ ನೀರು. ಉಪ್ಪಿಲ್ಲದ ಸಾರು. ಬಿ.ಎಡ್ ಓದುತ್ತಿದ್ದ ಮಗಳು ಪಲ್ಲವಿ ಉಪ್ಪಿನ ಡಬ್ಬಿಯನ್ನೇ ಎಲ್ಲೋ ಬಚ್ಚಿಟ್ಟಿದ್ದಳು. ನೋಡಲು ಬಂದ ನೆಂಟರು, "ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು," ಎಂದು ಶುರುಮಾಡುವರು. ಷಡ್ಡಕ ಈಗ ಹೇಗಿದ್ದಾರೆ ಎಂದು ಕೇಳಿದರೆ ಕಾಫಿ ಲೋಟದೊಳಕ್ಕೆ ನೋಡುವರು. ನಾನು ಕೇಳುವುದು ಬಿಟ್ಟೆ. ಐದಾರು ತಿಂಗಳಾದರೂ ಎಕೋದಲ್ಲಿ ಪಂಪಿನ ಶಕ್ತಿ ಏನೂ ಏರಲಿಲ್ಲ. ಆಗಲೇ ಡಾಕ್ಟರು ಪ್ರಯೋಗದ ಮಾತೆತ್ತಿದ್ದು.

ಈಗಿನ ಮಾತ್ರೆಗಳ ಜೊತೆಗೆ ದಿನಕ್ಕೆ ಇನ್ನೊಂದು. ಸೇರಿದವರಲ್ಲಿ ಅರ್ಧ ಜನಕ್ಕೆ ಹೊಸ ಔಷಧಿ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ನಮಗೂ ಹೇಳುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಬಾಟಲಿಯ ಮೇಲೆ ಒಂದು ನಂಬರ್ ಮಾತ್ರ. "ಬೇಡ ಅನ್ನಿಸಿದ ದಿನ ಬಿಡಬಹುದು," ಎಂದರು. ಹೆಚ್ಚು ಸಲ ಎಕೋ ಮಾಡುತ್ತಾರೆ, ಫೋನ್ ಮಾಡಿ ವಿಚಾರಿಸುತ್ತಾರೆ, ಕ್ಯೂ ಇಲ್ಲದೆ ಡಾಕ್ಟರು ಸಿಗುತ್ತಾರೆ. ಯಜಮಾನರಿಗೆ ಇಷ್ಟವಿರಲಿಲ್ಲ. "ಇಲಿ ಮೇಲೆ ಮಾಡೋದನ್ನ ನಿನ್ನ ಮೇಲೆ ಮಾಡ್ತಾರೆ," ಎಂದರು. ಪಲ್ಲವಿ, "ಇಲಿ ಮೇಲೆ ಮಾಡಿ ಮುಗಿಸಿರ್ತಾರಪ್ಪ," ಎಂದಳು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಆದರೂ ಸೇರಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದನ್ನು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಆ ಕೋಣೆಯ ಹೊರಗಿನ ಬೆಂಚಿನಲ್ಲಿ ಪುಟ್ಟಸ್ವಾಮಿಯವರನ್ನು ಮೊದಲು ನೋಡಿದೆ. ಸಣ್ಣಗೆ ಎತ್ತರವಾಗಿದ್ದ ಮನುಷ್ಯ, ಅರವತ್ತು ದಾಟಿತ್ತು. ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಜಯಮ್ಮ.

"ಮದ್ವೆ ವಿಡಿಯೋನೇ ತೆಗಿಸ್ನಿಲ್ಲ. ಈಗ ತೆಗಿತವ್ರೆ," ಎಂದರು ನನ್ನ ಕಡೆ ತಿರುಗಿ.

"ಬಾಯ್ಮುಚ್ಕಂಡು ಕೂತ್ಕಳಿ," ಎಂದರು ಜಯಮ್ಮ.

ಕುಣಿಗಲ್‌ನಲ್ಲಿ ಕುದುರೆ ಸಾಕುವ ಫಾರಮ್ಮೊಂದರಲ್ಲಿ ಮೂವತ್ತು ವರ್ಷ ಕುದುರೆ ನೋಡಿಕೊಂಡವರು ಪುಟ್ಟಸ್ವಾಮಿ. ನಾನು ಕೋರ್ಟಿನಲ್ಲಿ ಕೆಲಸ ಮಾಡುವುದು ತಿಳಿದ ಗಳಿಗೆಯಿಂದ ನಾನು ಅವರಿಗೆ "ಕೋರ್ಟಮ್ಮ". ಕುದುರೆಯ ನಾಡಿ ದವಡೆಯ ಕೆಳಗೆ ಸಿಗುತ್ತದೆ ಎಂದು ತಮ್ಮ ದವಡೆಯನ್ನೇ ಮುಟ್ಟಿ ತೋರಿಸುವರು. "ಕುದ್ರೆಗೆ ಮಾತ್ರೆ ಬೆಲ್ಲದಾಗಿಟ್ಟು ಕೊಡ್ತಿದ್ವಿ. ನಮ್ಗೆ ಆ ಬೆಲ್ಲಕ್ಕೂ ಗತಿ ಇಲ್ಲ," ಎನ್ನುವರು. ನನ್ನಂತೆಯೇ ಅವರ ಹೃದಯವೂ ಹಿಗ್ಗಿತ್ತು. ನನಗಿಂತ ಹೆಚ್ಚೇ. ಕುಣಿಗಲ್ ಕೆರೆ ಏರಿಯ ಮೇಲೆ ದಿನಾ ನಡೆಯುತ್ತಿದ್ದವರಿಗೆ ಈಗ ಏರಿ ಹತ್ತಲಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಇನ್ನೊಂದು ಸಲ ಏರಿ ಹತ್ತುವುದು. ನನಗೆ ಬೇಕಾಗಿದ್ದದ್ದು ಪಲ್ಲವಿ ಕೆಲಸಕ್ಕೆ ಸೇರುವುದನ್ನು ನೋಡುವುದು. ಇವನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು.

ಎರಡು ತಿಂಗಳಿಗೊಮ್ಮೆ ನಮ್ಮ ಸರದಿ, ಇಬ್ಬರಿಗೂ ಒಂದೇ ದಿನ. ಬಾಟಲಿಯಲ್ಲಿ ಬೇಕಾದದ್ದಕ್ಕಿಂತ ಹತ್ತು ಮಾತ್ರೆ ಹೆಚ್ಚು ಕೊಡುತ್ತಿದ್ದರು. ವಾಪಸು ತಂದಾಗ ಸುಷ್ಮಾ ಎಂಬ ಹುಡುಗಿ ಒಂದು ತಟ್ಟೆಗೆ ಸುರಿದು ಎಣಿಸುವಳು. ಹತ್ತು ಉಳಿದಿರಬೇಕು. ಜೊತೆಗೊಂದು ಕಾರ್ಡು, ದಿನಾ ಮಾತ್ರೆ ನುಂಗಿ ಗುರುತು ಹಾಕಲು.

ಈಗ ನನ್ನ ತಪ್ಪು. ಹೊಸ ಮಾತ್ರೆ ಶುರುವಾದ ಮೇಲೆ ಬೆಳಿಗ್ಗೆ ತಲೆ ಸುತ್ತುತ್ತಿತ್ತು. ಕೋರ್ಟಿನಲ್ಲಿ ಮತ್ತೆ ಬಿದ್ದರೆ ನನ್ನನ್ನು ಮನೆಗೆ ಕಳಿಸುತ್ತಾರೆಂಬ ಭಯ. ಮುಖ್ಯ ಕೇಸುಗಳಿದ್ದ ದಿನ ಆ ಮಾತ್ರೆ ಬಿಟ್ಟೆ. ಕಾರ್ಡಿನಲ್ಲಿ ಮಾತ್ರ ಗುರುತು ಹಾಕಿದೆ. ಸುಳ್ಳು ಸಾಕ್ಷಿಗೆ ಏನು ಶಿಕ್ಷೆ ಎಂದು ನೂರಾರು ಸಲ ಟೈಪ್ ಮಾಡಿದವಳು ನಾನು. ಮನೆಯಲ್ಲಿ ಹೇಳಲಿಲ್ಲ. ಎರಡು ತಿಂಗಳು ಮುಗಿಯುವಾಗ ಬಾಟಲಿಯಲ್ಲಿ ಹದಿನೆಂಟು ಉಳಿದಿದ್ದವು.

ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಪುಟ್ಟಸ್ವಾಮಣ್ಣ ನನಗಿಂತ ಮೊದಲೇ ಬಂದು ಕೂತಿದ್ದರು. ಮುಖ ಬಾಡಿತ್ತು. ಅವರ ಬಾಟಲಿಯಲ್ಲಿ ಉಳಿದದ್ದು ಎರಡು.

"ನಮ್ ಭಾವಂಗೂ ಎದೆ ಹಿಡ್ಕಂತಿತ್ತು ಕಣವ್ವ. ಪಾಪ, ಆಸ್ಪತ್ರೆಗೋಗಕ್ಕೆ ಯಾರೂ ದಿಕ್ಕಿಲ್ಲ. ಎಂಟು ಮಾತ್ರೆ ಕೊಟ್ಬುಟ್ಟೆ. ಈಗ ಎಣಿಸ್ತಾಳೆ ಆ ಹುಡ್ಗಿ. ಹೆಸ್ರು ಹೊಡ್ದಾಕ್ತಾಳೆ."

ಹೆಸರು ಹೊಡೆದುಹಾಕುವುದಿಲ್ಲ, ಹೇಳಿದರೆ ಸಾಕು ಎಂದು ಈಗ ಗೊತ್ತು. ಆಗ ಇಬ್ಬರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ನನ್ನ ಹೆಚ್ಚಿನ ಎಂಟನ್ನು ಅವರ ಬಾಟಲಿಗೆ ಹಾಕಿದೆ. ಸುಷ್ಮಾ ಎಣಿಸಿದಳು. ಹತ್ತು. ಮತ್ತೆ ಹತ್ತು. "ನಿಮ್ಮಿಬ್ಬರ ಹಾಗೆ ಎಲ್ಲರೂ ಇದ್ದಿದ್ದರೆ ನನಗೆ ತಲೆನೋವೇ ಇರ್ತಿರ್ಲಿಲ್ಲ ನೋಡಿ," ಎಂದಳು. ಎದುರಿನ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತ ಇಬ್ಬರೂ ನಕ್ಕೆವು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವರು, ಹಸಿವಿಗೆ ನಗು ಇನ್ನೂ ಜೋರಾಗಿತ್ತು. ಅಂದು ಯಾರಿಗೂ ಏನೂ ಆಗಲಿಲ್ಲ. ಆ ಎಂಟು ಮಾತ್ರೆಗಳು ಎಣಿಸುವ ತಟ್ಟೆಯಿಂದ ಮುಂದಕ್ಕೆ ಹೋಗಲಿಲ್ಲ.

ಮುಂದಿನ ಸರದಿಗೆ ಬಂದಾಗ ಅವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಎಂಟು ಮಾತ್ರೆ, ಒಂದು ಚೂರು ಬೆಲ್ಲ, ಎರಡು ವೀಳ್ಯದೆಲೆ.

"ಏನಣ್ಣ ಇದು?"

"ಮುಯ್ಯಿ ಕಣವ್ವ. ಇಸ್ಕಂಡ್ಮೇಲೆ ತೀರಿಸ್ಬೇಕಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಯಲ್ಲಿ ಯಾರು ಏನು ಮುಯ್ಯಿ ಮಾಡಿದರು ಎಂದು ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯದಲ್ಲಿ ಅಷ್ಟಕ್ಕೆ ಕಡಿಮೆಯಿಲ್ಲದಂತೆ ಹಿಂದಿರುಗಿಸುತ್ತೇವೆ. ಬೇಡವೆಂದರೆ ಅವಮಾನ ಮಾಡಿದಂತೆ. ನಾನು ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಸುಷ್ಮಾ ಅವರ ಬಾಟಲಿಯನ್ನು ಎಣಿಸಿದಾಗ ಹತ್ತು ಸರಿಯಾಗಿತ್ತು. ಎಂಟನ್ನು ನನಗೆ ಕೊಟ್ಟ ಮೇಲೂ ಹತ್ತು ಹೇಗೆ ಉಳಿಯಿತು ಎಂದು ನಾನು ಬಸ್ಸು ಹತ್ತಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಎಂಟು ದಿನ ಅವರು ಮಾತ್ರೆ ನುಂಗಿರಲಿಲ್ಲ. ನನಗೆ ತೀರಿಸಲೆಂದು ಉಳಿಸಿದ್ದರು.

ಇಳಿದು ವಾಪಸು ಹೋಗಬೇಕಿತ್ತು. ಫೋನ್ ಮಾಡಿದೆ ಎಂದು ನನ್ನ ನೆನಪು. ಮೊಬೈಲಿನಲ್ಲಿ ಹಳೆಯ ಕರೆಗಳ ಪಟ್ಟಿ ಹುಡುಕಿದೆ, ಆ ದಿನ ಅವರ ನಂಬರಿಗೆ ಕರೆ ಹೋಗಿಲ್ಲ. ಹಾಗಾದರೆ "ಇನ್ಮೇಲೆ ಹಿಂಗೆಲ್ಲ ಮಾಡ್ಬೇಡಣ್ಣ" ಎಂದು ನಾನು ಗದರಿದ್ದು, ಅವರು ನಕ್ಕದ್ದು, ಇವೆಲ್ಲ ಎಲ್ಲಿಂದ ಬಂದವು?

ನಾನು ಮಾಡಿದ್ದು ಬೇರೆ. ಮರುದಿನದಿಂದ ನನ್ನ ಬಾಟಲಿಯದನ್ನು ಬಿಟ್ಟು ಅವರ ಎಂಟು ಮಾತ್ರೆಗಳನ್ನು ದಿನಕ್ಕೊಂದರಂತೆ ನುಂಗಿದೆ, ಲೆಕ್ಕ ತಪ್ಪದಿರಲೆಂದು ನನ್ನ ಎಂಟನ್ನು ಎಸೆದೆ. ಯಾಕೆ? ಅವರು ಕೊಟ್ಟದ್ದನ್ನು ಎಸೆಯಲು ಮನಸ್ಸು ಬರಲಿಲ್ಲ ಎನ್ನಬಹುದು. ಕುತೂಹಲ ಎನ್ನಬಹುದು. ಅವರದು ಅಸಲಿ, ನನ್ನದು ಖಾಲಿ ಇದ್ದರೆ ಎಂಬ ಆಸೆ ಎಂದರೆ ಹೆಚ್ಚು ಸರಿ. ಆ ಎಂಟು ದಿನ ತಲೆ ಸುತ್ತಲಿಲ್ಲ. ಪಾದದ ಬಾವು ಇಳಿದಿತ್ತು. ಕೋರ್ಟಿನ ಮೆಟ್ಟಿಲನ್ನು ನಿಲ್ಲದೆ ಹತ್ತಿದೆ. ಹತ್ತಿ ನಿಂತಾಗ ಜಮಾದಾರ, "ಏನ್ ಮೇಡಮ್, ಹುಡುಗಿ ಹಂಗೆ ಬತ್ತಿದೀರಾ," ಎಂದ. ಅವನು ಹಾಗೆ ಅಂದದ್ದು ನಿಜ. ಈಚೆಗೆ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಅದರ ಮುಂದಿನ ಸರದಿಯ ದಿನ ಹೊಸ ಬಾಟಲಿ ಇಸಿದುಕೊಂಡು ಕ್ಯಾಂಟೀನಿಗೆ ಹೋದೆವು. ಮೆಟ್ಟಿಲಿನ ವಿಷಯವನ್ನು ನಾನು ಹೇಳಿದೆ, ಇದು ಖಚಿತ. ಪುಟ್ಟಸ್ವಾಮಣ್ಣ ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು. ನನ್ನ ನೆನಪಿನಲ್ಲಿ ಅವರು, "ನಂಗ್ ಹಂಗೇನೂ ಇಲ್ಲ. ನಿಮ್ದೇ ಅಸಲಿ ಇರ್ಬೇಕು ಕಣವ್ವ, ಅದ್ಕೇ ತಲೆ ಸುತ್ತೋದು. ಔಷ್ದಿ ಅಂದ್ಮೇಲೆ ಸುತ್ಬೇಕು," ಎಂದರು. ನಾನು, "ಇಲ್ಲಣ್ಣ, ನಿಮ್ಮದೇ ಅಸಲಿ," ಎಂದೆ. ಸ್ವಲ್ಪ ಹೊತ್ತು ಹೀಗೆ ಒಬ್ಬರ ಬಾಟಲಿಯನ್ನು ಒಬ್ಬರು ಹೊಗಳಿದೆವು. ಆಮೇಲೆ ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಆ ಅರ್ಧರ್ಧದ ಮಾತೆತ್ತಿದೆವು.

ಆ ಮಾತಿನಲ್ಲಿ ಒಂದು ನ್ಯಾಯ ಇತ್ತು. ಪ್ರಯೋಗದವರು ಕುರುಡಾಗಿ ಒಬ್ಬರಿಗೆ ಅನ್ನ, ಒಬ್ಬರಿಗೆ ಖಾಲಿ ಎಲೆ ಹಾಕಿರುವಾಗ ಇಬ್ಬರೂ ಎಲೆ ಸೇರಿಸಿ ಉಂಡರೆ ಯಾರೂ ಪೂರ್ತಿ ಹಸಿದು ಏಳುವುದಿಲ್ಲ ಎಂಬ ನ್ಯಾಯ. ಎರಡೂ ಎಲೆ ಖಾಲಿ ಇದ್ದರೆ, ಅಥವಾ ಎರಡರಲ್ಲೂ ಅನ್ನ ಇದ್ದರೆ ಎಂದು ನಾವು ಯೋಚಿಸಲಿಲ್ಲ. ಅರ್ಧ ಹೊಟ್ಟೆ ಊಟ ಒಬ್ಬ ಮನುಷ್ಯನಿಗೆ ಸಾಲದೆ ಹೋಗಬಹುದು ಎಂದೂ ಯೋಚಿಸಲಿಲ್ಲ. ಮುಚ್ಚಳದ ಮೇಲೆ ಸುರಿದು, ಎಣಿಸಿ, ಅವರದರಲ್ಲಿ ಅರ್ಧ ನನ್ನ ಬಾಟಲಿಗೆ, ನನ್ನದರಲ್ಲಿ ಅರ್ಧ ಅವರ ಬಾಟಲಿಗೆ ಹಾಕಿದೆವು. ಒಂದೇ ಗಾತ್ರ, ಒಂದೇ ಬಿಳುಪು. ಕ್ಯಾಂಟೀನಿನವನು ಬಂದು, "ಏನ್ ಅಜ್ಜ, ಚೌಕಾಬಾರನಾ?" ಎಂದು ತಟ್ಟೆ ಎತ್ತಿಕೊಂಡು ಹೋದ.

ಮುಂದಿನ ಸಲವೂ ಹೀಗೇ ಮಾಡಿದೆವು. ಒಟ್ಟು ಎರಡು ಬಾಟಲಿ, ನಾಲ್ಕು ತಿಂಗಳು. ಲೆಕ್ಕ ಪ್ರತಿ ಸಲ ಸರಿಬಂತು.

ಆ ನಾಲ್ಕು ತಿಂಗಳಲ್ಲಿ ನಾನು ಚೇತರಿಸಿಕೊಂಡೆ. ಎಕೋದಲ್ಲಿ ಸ್ವಲ್ಪ ಏರಿತು. ಮೂರು ದಿಂಬು ಒಂದಾಯಿತು. ಅವರು ಇಳಿಯುತ್ತಿದ್ದರು. ನನಗೆ ಅದು ಕಾಣುತ್ತಿತ್ತು. ಕಾಣುತ್ತಿರಲಿಲ್ಲ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಕೊನೆಯ ಸಲ ಕ್ಯಾಂಟೀನಿನಿಂದ ಬಸ್ ನಿಲ್ದಾಣಕ್ಕೆ ಹೋಗುವಾಗ ಅವರು ಮೂರು ಕಡೆ ನಿಂತರು. ಪ್ರತಿ ಸಲವೂ ಏನಾದರೊಂದು ಅಂಗಡಿ ನೋಡುವ ನೆಪ. ಆ ನೆಪ ನನಗೆ ಚೆನ್ನಾಗಿ ಗೊತ್ತಿತ್ತು. "ಡಾಕ್ಟರಿಗೆ ಹೇಳಿದ್ರಾ ಅಣ್ಣ?" ಎಂದೆ. "ಹೇಳಿದ್ರೆ ಪ್ರಯೋಗದಿಂದ ತೆಗಿತಾರೆ ಕಣವ್ವ. ಈಗ್ತಾನೆ ಅರ್ಧ ಅಸಲಿ ಒಳಗೋಗ್ತಾ ಐತೆ. ಇರ್ಲಿ, ಹಿಡಿತದೆ." ನಾನು ಸುಮ್ಮನಾದೆ. ನನಗೆ ಹಿಡಿದಿತ್ತಲ್ಲ.

ಮುಂದಿನ ಸರದಿಗೆ ಅವರು ಬರಲಿಲ್ಲ. ಬೆಂಚಿನಲ್ಲಿ ಕಾದೆ. ಸುಷ್ಮಾ ಬಂದು ಪಕ್ಕದಲ್ಲಿ ಕೂತಾಗಲೇ ಗೊತ್ತಾಯಿತು. ಅವಳು ಯಾವತ್ತೂ ಆ ಬೆಂಚಿನಲ್ಲಿ ಕೂತವಳಲ್ಲ. ಹನ್ನೆರಡು ದಿನದ ಹಿಂದೆ, ಬೆಳಿಗ್ಗೆ, ಹಲ್ಲುಜ್ಜುವಾಗ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. "ಮಾತ್ರೆ ಎಲ್ಲಾ ಸರಿಯಾಗಿ ತಗೊಂಡಿದ್ರು ಅಂತ ಮನೆಯವರು ಹೇಳಿದ್ರು, ಕಾರ್ಡಲ್ಲೂ ಹಂಗೇ ಇದೆ," ಎಂದಳು. ಅವತ್ತು ನಾನು ಬಾಯಿ ಬಿಡಲಿಲ್ಲ. ಹೊಸ ಬಾಟಲಿ ಇಸಿದುಕೊಂಡು ಬಂದೆ.

ಮೂರು ದಿನ ಬಿಟ್ಟು ಯಜಮಾನರಿಗೆ ಹೇಳಿದೆ. ಅವರು ಟವೆಲಿನಿಂದ ಕೈ ಒರೆಸಿಕೊಂಡರು. ಆಮೇಲೆ, "ಡಿಪೋದಲ್ಲಿ ಬೇರೆ ಗಾಡಿ ಪಾರ್ಟ್ ಬಿಚ್ಚಿ ಹಾಕಿದ್ರೆ ರಿಜಿಸ್ಟರಲ್ಲಿ ಬರಿತೀವಿ ಕಣೇ. ಗಾಡಿ ಕೆಟ್ರೆ ಯಾಕೆ ಕೆಡ್ತು ಅಂತಾದ್ರೂ ಗೊತ್ತಾಗ್ಲಿ ಅಂತ," ಎಂದರು. ಬೈದಿದ್ದರೆ ವಾಸಿಯಿತ್ತು. ಪಲ್ಲವಿ ಮಾತ್ರ ಅತ್ತುಕೊಂಡು ಜಗಳವಾಡಿದಳು. "ಯಾರದೋ ಮಾತ್ರೆ ನುಂಗಿ ನೀನು ಸತ್ತಿದ್ರೆ?" ಅವಳು ಆ ಕಡೆಯಿಂದ ನೋಡಿದ್ದಳು. ನಾನು ನೋಡಿರಲೇ ಇಲ್ಲ.

ಯಜಮಾನರೂ ನಾನೂ ಕುಣಿಗಲ್‌ಗೆ ಹೋದೆವು. ಜಯಮ್ಮನವರ ಮನೆಯಲ್ಲಿ ಗೋಡೆಗೆ ಅವರ ಫೋಟೋ, ತಲೆ ಬಾಚಿಕೊಂಡು ತೆಗೆಸಿಕೊಂಡದ್ದು. ನಾನು ತಪ್ಪೊಪ್ಪಿಕೊಳ್ಳಲು ಮಾತು ಹುಡುಕುತ್ತಿದ್ದೆ. ಜಯಮ್ಮ ಕಾಫಿ ಕೊಡುತ್ತ ತಾವೇ ಶುರು ಮಾಡಿದರು.

"ನಂಗೊತ್ತು ಬುಡವ್ವ. ಮನೆಗೆ ಬಂದ್ ಹೇಳೋರು. 'ಆವಮ್ಮಂಗೆ ನನ್ ಮಾತ್ರೆ ಹಿಡಿಸ್ತಂತೆ ಕಣೆ, ಮೆಟ್ಲು ಹತ್ತಿದ್ಲಂತೆ. ಪಾಪ, ಅರ್ಧ ಕೊಡಣ್ಣ ಅಂತ ಕೇಳ್ತು. ಹೆಂಗಸು, ಮಗಳು ಬೇರೆ ಅವ್ಳೆ. ಇಲ್ಲ ಅನ್ನಕ್ಕಾಯ್ತದಾ?' ಅಂತ."

ಕಾಫಿ ಲೋಟ ಬಿಸಿಯಿತ್ತು, ಕೆಳಗಿಡಲಾಗಲಿಲ್ಲ. ನಾನು ಕೇಳಿದೆನೆ? ಹೆಂಡತಿಯ ಮುಂದೆ ಕೊಟ್ಟವರಾಗಿ ಕಾಣಬೇಕೆಂದು ಅವರು ಹಾಗೆ ಹೇಳಿದರೇ? ಅಥವಾ ಅವರು ಹೇಳಿದ್ದು ಇದ್ದದ್ದು ಇದ್ದಂತೆ, ತಿದ್ದಿಕೊಂಡವಳು ನಾನೇ? ಕೋರ್ಟಿನಲ್ಲಿ ಹೀಗಾದಾಗ ಇನ್ನೊಬ್ಬ ಸಾಕ್ಷಿಯನ್ನು ಕರೆಸುತ್ತಾರೆ. ತಟ್ಟೆ ಎತ್ತಿದ ಕ್ಯಾಂಟೀನಿನವನನ್ನು ಕೇಳಲು ಹೋಗಿದ್ದೆ. ಅವನಿಗೆ ನಮ್ಮ ಮುಖವೇ ಗುರುತಿರಲಿಲ್ಲ.

"ಕೇಳಿರಬಹುದು ಜಯಮ್ಮ," ಎಂದೆ.

"ಕೇಳಿದ್ರೇನೀಗ. ಕುದ್ರೆಗೇ ಇಲ್ಲ ಅಂದೋರಲ್ಲ ಅವ್ರು," ಎಂದರು.

ಡಾಕ್ಟರ ಬಳಿ ಎಲ್ಲವನ್ನೂ ಹೇಳಿದೆ. ತಲೆ ಸುತ್ತಿದ್ದು, ಕಾರ್ಡಿನ ಸುಳ್ಳು ಗುರುತು, ಎಂಟು ಮಾತ್ರೆ, ನಾಲ್ಕು ತಿಂಗಳು. ಅವರು ಸಿಟ್ಟಾಗಲಿಲ್ಲ. ಬಹಳ ದಣಿದವರಂತೆ ಬರೆದುಕೊಂಡರು. ತಲೆಸುತ್ತಿಗೆ ನನ್ನ ಹಳೆಯ ಮಾತ್ರೆಗಳಲ್ಲೊಂದು ಕಾರಣ ಇರಬಹುದು, ಒಂದು ಫೋನ್ ಮಾಡಿದ್ದರೆ ಅದರ ಪ್ರಮಾಣ ಇಳಿಸುತ್ತಿದ್ದೆ ಎಂದರು.

"ನಮ್ಮಿಬ್ಬರನ್ನ ಲೆಕ್ಕದಿಂದ ತೆಗೀತೀರಾ ಸಾರ್?"

"ಇಲ್ಲ. ಮೊದಲು ಯಾವ ಗುಂಪಿಗೆ ಬಿದ್ರೋ ಅದರಲ್ಲೇ ಎಣಿಸ್ತಾರೆ. ನೀವು ಏನು ನುಂಗಿದ್ರಿ ಅನ್ನೋದು ಅದನ್ನ ಬದಲಾಯಿಸಲ್ಲ. ನಿಮಗೆ ಏನು ಕೊಡಬೇಕು ಅಂತ ಬಿದ್ದಿತ್ತು ಅನ್ನೋದೇ ಲೆಕ್ಕ."

"ನಾನು ಕೊಟ್ಟಿದ್ದಕ್ಕೆ ಅವರು ಹೋದ್ರಾ?"

"ಒಬ್ಬರ ಸಾವಿನಿಂದ ಅದು ಗೊತ್ತಾಗಲ್ಲಮ್ಮ. ಗೊತ್ತಾಗೋ ಹಾಗಿದ್ದಿದ್ರೆ ಇಷ್ಟೊಂದು ಜನ ಬೇಕಾಗ್ತಿರ್ಲಿಲ್ಲ."

ಆ ಮಾತ್ರೆಯನ್ನು ಅಂದೇ ನಿಲ್ಲಿಸಿದರು. ಸರದಿಗೆ ಬರುವುದನ್ನು ನಿಲ್ಲಿಸಬೇಡಿ ಎಂದರು. ಹೋಗುತ್ತಿದ್ದೆ. ಅದೇ ಬೆಂಚು, ಎಣಿಸಲು ಬಾಟಲಿಯಿಲ್ಲ.

ಪ್ರಯೋಗ ಮುಗಿದ ಮೇಲೆ ಕರೆಸಿದರು. ಹೊಸ ಔಷಧಿಯಿಂದ ಒಟ್ಟಾರೆ ಸ್ವಲ್ಪ ಲಾಭ ಕಂಡಿದೆಯಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಯಾವ ಕೆಲವರು ಎಂದು ಹೇಳಲು ಬರುವುದಿಲ್ಲವಂತೆ. ನನ್ನ ಬಾಟಲಿಯಲ್ಲಿ ಏನಿತ್ತು ತಿಳಿಯಬೇಕೆ ಎಂದು ಕೇಳಿದರು. ಹೂಂ ಎಂದೆ. ಸುಷ್ಮಾ ಕಾಗದ ನನ್ನ ಕಡೆ ತಿರುಗಿಸಿದಳು.

ಖಾಲಿ.

ಪುಟ್ಟಸ್ವಾಮಣ್ಣ ಹಲ್ಲುಜ್ಜಲು ಏಳುವವರೆಗೂ ನಂಬಿ ನುಂಗಿದ ನನ್ನ ಪಾಲಿನ ಅರ್ಧದಲ್ಲಿ ಏನೂ ಇರಲಿಲ್ಲ. ಅವರದು ಏನೆಂದು ಕೇಳಿದೆ. ಅದನ್ನು ಅವರ ಮನೆಯವರು ಬಂದು ಕೇಳಿದರೆ ಮಾತ್ರ ಹೇಳಲು ಸಾಧ್ಯ ಎಂದರು.

ಮತ್ತೆ ಕುಣಿಗಲ್‌ಗೆ ಹೋದೆ, ಈ ಸಲ ಒಬ್ಬಳೇ. ಜಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಿಂತೇ ಹೇಳಿದೆ. ಮೊರ ನಿಂತಿತು.

"ಹಂಗಾರೆ ನೀವ್ ಅವ್ರಿಗೆ ಕೊಟ್ಟಿದ್ದು ಬರೀ ಸುಣ್ಣನಾ?"

"ಹೂಂ."

"ಅವ್ರು ನಿಮ್ಗೆ ಕೊಟ್ಟಿದ್ದು?"

"ನೀವು ಬಂದು ಕೇಳಿದ್ರೆ ಹೇಳ್ತಾರಂತೆ. ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ."

ಅವರು ಮೊರದೊಳಗಿನ ಕಲ್ಲು ಆರಿಸಿದರು. ಒಂದು, ಇನ್ನೊಂದು. ಬಿಸಿಲಿಗೆ ನನಗೆ ನಿಲ್ಲಲಾಗುತ್ತಿರಲಿಲ್ಲ. ಕೂತ್ಕೊಳ್ಳಿ ಎಂದು ಅವರೂ ಹೇಳಲಿಲ್ಲ.

"ಬ್ಯಾಡ ಕಣವ್ವ. ಅಸಲಿ ಅಂದ್ರೆ ನಿಮ್ಮನ್ನ ಬೈಬೇಕಾಯ್ತದೆ. ಖಾಲಿ ಅಂದ್ರೆ ಅವ್ರನ್ನ ಬೈಬೇಕಾಯ್ತದೆ, ಸುಮ್ಕೆ ಅಲ್ಲಿಗೆ ಅಲೆದ್ರಲ್ಲ ಅಂತ. ಇಬ್ರನ್ನೂ ಬೈಯ ಶಕ್ತಿ ಇಲ್ಲ ನಂಗೆ. ನೀವು ಚೆನ್ನಾಗಿರಿ, ಹೋಗಿ."

ಅದಾಗಿ ಒಂದು ವರ್ಷದ ಮೇಲಾಯಿತು. ಪಲ್ಲವಿ ಹೆಬ್ಬೂರಿನ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆ ಹೊಸ ಔಷಧಿ ಈಗ ಅಂಗಡಿಯಲ್ಲೇ ಸಿಗುತ್ತದೆ, ಬೇರೆ ಬಣ್ಣದ ಹೊದಿಕೆಯಲ್ಲಿ. ಡಾಕ್ಟರು ನನಗೂ ಬರೆದುಕೊಟ್ಟಿದ್ದಾರೆ, ನುಂಗುತ್ತಿದ್ದೇನೆ. ಇದನ್ನು ಬರೆದದ್ದು ನಿಮ್ಮಲ್ಲಿ ಯಾರಾದರೂ ಅಂಥ ಬೆಂಚಿನಲ್ಲಿ ಕೂತಿದ್ದರೆ, ತಲೆ ಸುತ್ತಿದರೆ ಸುತ್ತಿತು ಎನ್ನಿ, ಮಾತ್ರೆ ಬಿಟ್ಟಿದ್ದರೆ ಬಿಟ್ಟೆ ಎನ್ನಿ ಎಂದು ಹೇಳಲಿಕ್ಕೆ. ಹೆಸರು ಹೊಡೆದುಹಾಕುವುದಿಲ್ಲ.

ಜಯಮ್ಮ ಆಸ್ಪತ್ರೆಗೆ ಹೋಗಿಲ್ಲ. ಹೋಗಿ ಎಂದು ನಾನು ಮತ್ತೆ ಕೇಳಿಲ್ಲ. ಪುಟ್ಟಸ್ವಾಮಣ್ಣನ ಬಾಟಲಿಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.